ಆಯರ್ವಿನ್ ಪೂಲಕ್ಕೆ ನೂರು ತುಂಬಿದರೆ ಬಿದ್ದುಹೋಗುತ್ತದೆಯೇ?

ಪ್ರಶ್ನೆ: ಸಾಹೇಬರೇ, ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಹಳ್ಳಿಯೊಂದರ ಕನ್ನಡ ಶಾಲೆಯ ಶಿಕ್ಷಕ. ನಮ್ಮ ಕಡೆಯ ಒಣದ್ರಾಕ್ಷಿಗೆ ಸಾಂಗಲಿಯೇ ಪೇಟೆ, ಮನೆಯ ಸಂತೆ-ಆಸ್ಪತ್ರೆಗೂ ಸಾಂಗಲಿ-ಮಿರಜವೇ ಗತಿ. ಮಗಳು ಸಾಂಗಲಿಯಲ್ಲಿ ರೂಮು ಮಾಡಿಕೊಂಡಿದ್ದಾಳೆ. ದಿನಾ ಸ್ಕೂಟಿಯಲ್ಲಿ ಕೃಷ್ಣಾ ನದಿಯ ಆಯರ್ವಿನ್ ಪೂಲ, ಅಂದರೆ ಸೇತುವೆ, ದಾಟಿ ಸಾಂಗಲವಾಡಿ ಕಡೆ ಕೆಲಸಕ್ಕೆ ಹೋಗುತ್ತಾಳೆ. ಪೂಲ ಕಟ್ಟಿದ ಇಂಗ್ಲಿಷ್ ಕಂಪನಿಯವರು ಲಂಡನ್ನಿನಿಂದ ‘ನಿಮ್ಮ ಪೂಲದ ಮುದತ್ತು ಮುಗಿಯುತ್ತ ಬಂತು, ಇನ್ನು ನಮ್ಮ ಜವಾಬ್ದಾರಿ ಇಲ್ಲ’ ಎಂದು ಕಾಗದ ಬರೆದಿದ್ದಾರಂತೆ, ಇದು ವಾಟ್ಸಾಪ್‌ನಲ್ಲಿ ಪದೇ ಪದೇ ಬರುತ್ತಿದೆ. 2029ಕ್ಕೆ ನೂರು ವರ್ಷ ಎನ್ನುತ್ತಾರೆ. ಮೊಟ್ಟೆ, ಬೆಲ್ಲ ಹಾಕಿ ಕಟ್ಟಿದ್ದರಿಂದ ಇಷ್ಟು ದಿನ ನಿಂತಿದೆ ಎಂದು ಕೆಲವರು, ಬುನಾದಿಗೆ ಮನುಷ್ಯರನ್ನು ಬಲಿ ಕೊಟ್ಟಿದ್ದಾರೆ ಎಂದು ಇನ್ನು ಕೆಲವರು. ಮಳೆಗಾಲದಲ್ಲಿ ಟಿವಿಯವರು ‘ಆಯರ್ವಿನ್ 45 ಅಡಿ’ ಎಂದ ಕೂಡಲೇ ನನ್ನ ಹೆಂಡತಿ ಮಗಳಿಗೆ ಫೋನು ಹಚ್ಚುತ್ತಾಳೆ. ಪೂಲವನ್ನು ಕೆಡವಬೇಕೋ ಉಳಿಸಬೇಕೋ? ಶಾಲೆಯ ಮಕ್ಕಳಿಂದ ಇದರ ಇತಿಹಾಸ ಬರೆಸಬೇಕೆಂದಿದ್ದೇನೆ. ಇದರಲ್ಲಿ ಯಾವುದನ್ನು ನಂಬಲಿ, ಯಾವುದನ್ನು ಬಿಡಲಿ?

ಉತ್ತರ: ಗುರುಗಳೇ, ಮನೆಯಲ್ಲಿ ಮಗಳ ತಾಯಿಯವರಿಗೆ ಮೊದಲು ಇಷ್ಟು ಹೇಳಿ: ನೂರು ತುಂಬಿತೆಂಬ ಕಾರಣಕ್ಕೆ ಯಾವ ಸೇತುವೆಯೂ ಬೀಳುವುದಿಲ್ಲ. ಬೀಳುವುದಕ್ಕೆ ಬೇರೆ ಕಾರಣಗಳಿವೆ. ಅವು ನಲವತ್ತು ವರ್ಷದ ಸೇತುವೆಗೂ ಬರುತ್ತವೆ, ಇನ್ನೂರು ವರ್ಷದ್ದಕ್ಕೂ ಬರುತ್ತವೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಕಾವೇರಿಯಲ್ಲಿ ಈಗಲೂ ನಿಂತಿವೆ. ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಲಾರಿಯೊಂದರ ಸಮೇತ ನದಿಗೆ ಕುಸಿಯಿತು. ಅದಕ್ಕೆ ಆಗಿದ್ದದ್ದು ನಾಲ್ಕು ದಶಕ ಅಷ್ಟೇ, ಅದೂ ಕಾಂಕ್ರೀಟಿನದು. ವಯಸ್ಸನ್ನೇ ನೋಡಿ ಹೇಳುವುದಾದರೆ ಬೀಳಬೇಕಾದದ್ದು ಶ್ರೀರಂಗಪಟ್ಟಣದ್ದು.

ಲಂಡನ್ನಿನ ಕಾಗದದ ವಿಷಯ. ಸೇತುವೆಯ ಎಂಜಿನಿಯರನಾಗಿ ನನ್ನ ಸರ್ವಿಸ್ಸಿನುದ್ದಕ್ಕೂ ಈ ಸುದ್ದಿ ಅಂಟಿಕೊಳ್ಳದ ಹಳೇ ಸೇತುವೆಯನ್ನು ನಾನು ನೋಡಿಲ್ಲ. ರೈಲ್ವೆಯದಿರಲಿ, ರಸ್ತೆಯದಿರಲಿ, ಕಪ್ಪು ಕಲ್ಲಿನದು ಒಂದು ಕಂಡರೆ ಸಾಕು, ಅದಕ್ಕೊಂದು ಕಾಗದ ಬಂದಿರುತ್ತದೆ. ಕಾಗದ ಕಣ್ಣಾರೆ ಕಂಡವರು ಮಾತ್ರ ಯಾವಾಗಲೂ ‘ನನ್ನ ಸೋದರಮಾವನ ಗೆಳೆಯ’. ಗುತ್ತಿಗೆದಾರನ ಹೊಣೆ ಕೆಲಸ ಮುಗಿದ ಮೇಲೆ ಕೆಲವು ವರ್ಷಕ್ಕೆ ತೀರುತ್ತದೆ, ಆಗಲೂ ಅಷ್ಟೇ, ಈಗಲೂ ಅಷ್ಟೇ. ನೂರು ವರ್ಷ ಲೆಕ್ಕ ಇಟ್ಟುಕೊಂಡು ಕೂತು, ಯಾರೂ ಕೇಳದಿದ್ದರೂ ಕಾಗದ ಬರೆಯುವ ಕಂಪನಿ ಲೋಕದಲ್ಲಿ ಎಲ್ಲೂ ಇಲ್ಲ. ‘ನೂರು ವರ್ಷ’ ಎಂಬ ಮಾತು ಹುಟ್ಟಿದ್ದಕ್ಕೆ ಒಂದು ನೆಪ ಇರಬಹುದು: ಈಗಿನ ಕಾಂಕ್ರೀಟ್ ಸೇತುವೆಗಳ ಸಂಹಿತೆಯಲ್ಲಿ ಸಾಮಾನ್ಯವಾಗಿ ನೂರು ವರ್ಷದ ಬಾಳಿಕೆಯನ್ನು ಹಿಡಿದು ಲೆಕ್ಕ ಹಾಕು ಎಂದಿದೆ. ಅದು ನಕಾಶೆ ಮಾಡುವವನಿಗೆ ಕೊಟ್ಟ ಅಳತೆ. ಔಷಧದ ಬಾಟಲಿಯ ಮೇಲಿನ ತಾರೀಖಿನಂತೆ ಓದುವಂಥದ್ದಲ್ಲ.

ಆಯರ್ವಿನ್ ಪೂಲದ ಮಟ್ಟಿಗಂತೂ ಈ ಕತೆ ಬುಡದಲ್ಲೇ ತಪ್ಪು. 1929ರಲ್ಲಿ ಸಾಂಗಲಿ ಬ್ರಿಟಿಷರ ನೇರ ಆಳ್ವಿಕೆಯ ಊರಾಗಿರಲಿಲ್ಲ. ಅದು ಪಟವರ್ಧನ ಮನೆತನದ ಸಂಸ್ಥಾನ. ಮಿರಜದಿಂದ ಬೇರೆಯಾಗಿ 1801ರಲ್ಲಿ ಹುಟ್ಟಿದ್ದು. ಪೂಲ ಆದದ್ದು ಅಪ್ಪಾಸಾಹೇಬ ಎಂದು ಕರೆಸಿಕೊಂಡ ಚಿಂತಾಮಣರಾವ ಪಟವರ್ಧನರ ಆಳ್ವಿಕೆಯಲ್ಲಿ. ವೈಸರಾಯ್ ಲಾರ್ಡ್ ಇರ್ವಿನ್ ಬಂದದ್ದು 1929ರ ನವೆಂಬರಿನಲ್ಲಿ, ಉದ್ಘಾಟನೆಗೆ. ಜನರ ಬಾಯಲ್ಲಿ ಆಯರ್ವಿನ್ ಆದವರು ಅವರೇ. ದೊಡ್ಡ ಕಾಮಗಾರಿಗೆ ವೈಸರಾಯ್ ಅಥವಾ ಗವರ್ನರ್ ಹೆಸರಿಟ್ಟು ಅವರಿಂದಲೇ ರಿಬ್ಬನ್ ಕತ್ತರಿಸುವುದು ಆಗಿನ ಸಂಸ್ಥಾನಿಕರ ರೂಢಿ. ಈಗಿನವರು ಬೇರೆ ಹೆಸರಿಡುತ್ತಾರೆ, ರೂಢಿ ಮಾತ್ರ ಹಾಗೇ ಇದೆ.

ಆ ದಿನಗಳ ರಾಜಕೀಯವನ್ನೂ ಮಕ್ಕಳಿಗೆ ಹೇಳಬಹುದು. ಭಾರತಕ್ಕೆ ಡೊಮಿನಿಯನ್ ಸ್ಥಾನ ಕೊಡುವುದೇ ಗುರಿ ಎಂದು ಇರ್ವಿನ್ ಘೋಷಿಸಿದ್ದು ಅದೇ 1929ರ ಅಕ್ಟೋಬರ್ 31ಕ್ಕೆ. ಡಿಸೆಂಬರ್ 23ರಂದು ದೆಹಲಿಯ ಹತ್ತಿರ ಅವರು ಕೂತಿದ್ದ ರೈಲಿನ ಕೆಳಗೆ ಬಾಂಬು ಸಿಡಿಯಿತು, ಅವರು ಪಾರಾದರು. ಆ ತಿಂಗಳು ಮುಗಿಯುವಷ್ಟರಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. ಸಾಂಗಲಿಯ ಸಮಾರಂಭ ನಡೆದದ್ದು ಇವುಗಳ ನಡುವಿನ ಬಿಡುವಿನಲ್ಲಿ.

ನಿಮ್ಮ ಶಾಲೆ ಕನ್ನಡದ್ದಾದ್ದರಿಂದ ಇನ್ನೊಂದು ಮಾತು, ಇದನ್ನು ಸಾಂಗಲಿಯಲ್ಲೂ ಹೆಚ್ಚು ಜನ ಹೇಳುವುದಿಲ್ಲ. ಸಾಂಗಲಿ ಸಂಸ್ಥಾನ ಎಂದರೆ ಸಾಂಗಲಿ ಪಟ್ಟಣವಷ್ಟೇ ಅಲ್ಲ. ಅದರ ಭೂಮಿ ತುಂಡು ತುಂಡಾಗಿ ಹರಡಿತ್ತು: ಈಗ ಗದಗ ಜಿಲ್ಲೆಯಲ್ಲಿರುವ ಶಿರಹಟ್ಟಿ, ಬಾಗಲಕೋಟೆ ಜಿಲ್ಲೆಯ ತೇರದಾಳ, ಬೆಳಗಾವಿಯ ಮಗ್ಗುಲಿನ ಶಹಾಪುರ, ಇತ್ತ ಸೋಲಾಪುರ ಜಿಲ್ಲೆಯ ಮಂಗಳವೇಢೆ, ಎಲ್ಲವೂ ಸಾಂಗಲಿಕರದ್ದೇ. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ತೇರದಾಳದ ನೇಕಾರನ, ಶಿರಹಟ್ಟಿಯ ಒಕ್ಕಲಿಗನ ಕಂದಾಯ ಹೋಗಿ ಬೀಳುತ್ತಿದ್ದದ್ದು ಸಾಂಗಲಿಯ ಖಜಾನೆಗೆ. ಪೂಲಕ್ಕೆ ಹಣ ಕೊಟ್ಟದ್ದು ಆ ಖಜಾನೆಯೇ ಆದ್ದರಿಂದ ಅದು ಲಂಡನ್ನಿನವರದು ಎನ್ನುವುದಕ್ಕಿಂತ ತೇರದಾಳದವರದು ಎನ್ನುವುದು ಸತ್ಯಕ್ಕೆ ಹೆಚ್ಚು ಹತ್ತಿರ.

ಪೂಲದ ಅಗತ್ಯ ಏನಿತ್ತು ಎಂಬುದನ್ನು ಪೇಟೆಯನ್ನು ನೋಡಿಯೇ ತಿಳಿಯಬೇಕು. ಸಾಂಗಲಿ ಅರಿಷಿಣದ ಪೇಟೆ. 2018ರಲ್ಲಿ ಸಾಂಗಲಿ ಅರಿಷಿಣಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಊರಿಗೆ ಹತ್ತಿದಂತೆಯೇ ಇರುವ ಹರಿಪುರದಲ್ಲಿ, ವಾರಣಾ ನದಿ ಕೃಷ್ಣೆಯನ್ನು ಸೇರುವ ಕಡೆ, ನೆಲದೊಳಗೆ ಆಳವಾದ ಹಗೇವು ತೋಡಿ ವರ್ಷಗಟ್ಟಲೆ ಅರಿಷಿಣ ಕೂಡಿಡುತ್ತಿದ್ದರು. ಮರಾಠಿಯವರು ಪೇವು ಎನ್ನುತ್ತಾರೆ. 2005ರ ಪ್ರವಾಹದಲ್ಲಿ ಅವುಗಳಲ್ಲಿ ಎಷ್ಟೋ ಹಾಳಾದವು. ಬೆಲ್ಲ, ಅರಿಷಿಣ, ಧಾನ್ಯ ಹೇರಿಕೊಂಡು ಪಶ್ಚಿಮದಿಂದ ಬರುವ ಗಾಡಿಗಳಿಗೆ ಕೃಷ್ಣೆ ಅಡ್ಡ. ಬೇಸಿಗೆಯಲ್ಲಿ ಹೇಗೋ ದಾಟಿಯಾರು. ಹೊಳೆ ಬಂತೆಂದರೆ ದೋಣಿ, ದೋಣಿಯೂ ನಿಂತರೆ ಪೇಟೆಗೂ ಆಚೆ ದಡಕ್ಕೂ ಸಂಬಂಧವೇ ಇಲ್ಲ. ಎಲ್ಲಾ ಋತುವಿನಲ್ಲೂ ದಾಟುವ ದಾರಿ ಮಾಡಿಕೊಂಡ ಪೇಟೆ ಅಕ್ಕಪಕ್ಕದ ಪೇಟೆಗಳ ವ್ಯಾಪಾರ ಎಳೆದುಕೊಳ್ಳುತ್ತದೆ. ಸಂಸ್ಥಾನಿಕರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಮೊಟ್ಟೆ-ಬೆಲ್ಲದ ಕತೆ ಪೂರಾ ಸುಳ್ಳಲ್ಲ. ಸುಣ್ಣದ ಗಾರೆಗೆ ಬೆಲ್ಲದ ನೀರು, ಬಿಲ್ವದ ಕಾಯಿಯ ಅಂಟು ಬೆರೆಸುವುದು ನಮ್ಮ ಕಡೆ ಹಳೇ ಪದ್ಧತಿ. ಬೆಲ್ಲ ಬಿದ್ದರೆ ಕಡಿಮೆ ನೀರಿಗೇ ಗಾರೆ ಮೆದುವಾಗುತ್ತದೆ, ಒಣಗುವಾಗ ಬಿರುಕು ಕಡಿಮೆ. ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತ ಹೋಗುತ್ತದೆ. ಇದು ನಿಜವಾದ ರಸಾಯನಶಾಸ್ತ್ರ, ಪವಾಡವಲ್ಲ. ಆದರೆ 1929ನ್ನು ಪೇಶ್ವೆಯರ ಕಾಲವೆಂದು ತಿಳಿಯಬೇಡಿ. ಪೋರಬಂದರಿನಲ್ಲಿ 1914ರ ಹೊತ್ತಿಗೇ ಸಿಮೆಂಟ್ ತಯಾರಾಗುತ್ತಿತ್ತು. ಇಂಥ ದೊಡ್ಡ ಸೇತುವೆಗೆ ಮೊಟ್ಟೆ ಒಡೆಯುತ್ತ ಕೂತರೆ ಇಡೀ ಜಿಲ್ಲೆಯ ಕೋಳಿ ಸಾಲದು. ಕಮಾನಿನ ಸೇತುವೆ ನಿಲ್ಲುವುದು ಗಾರೆಯ ಅಂಟಿನಿಂದಲ್ಲ, ಆಕಾರದಿಂದ. ಕಲ್ಲು ಒತ್ತಡವನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಕಮಾನು ಮೇಲಿನ ಭಾರವನ್ನೆಲ್ಲ ಒತ್ತಡವಾಗಿ ಮಾರ್ಪಡಿಸಿ ಎರಡೂ ಪಕ್ಕದ ಕಂಬಕ್ಕೆ ದಾಟಿಸುತ್ತದೆ. ಹಾಗಾಗಿ ಕಂಬ ಅಲುಗದಿರುವವರೆಗೆ ಕಮಾನು ಅಲುಗುವುದಿಲ್ಲ. ಕಂಬ ಒಂದು ಕೂತಿತೋ, ಅದಕ್ಕೆ ಒರಗಿದ ಎರಡು ಕಮಾನೂ ಒಟ್ಟಿಗೆ ಹೋಗುತ್ತವೆ.

ಬಲಿಯ ಮಾತು ಇಡೀ ದೇಶದಲ್ಲಿದೆ. ಯಾವ ಊರಿನಲ್ಲಿ ಸೇತುವೆ ಕಟ್ಟಿದರೂ ‘ಮಕ್ಕಳನ್ನು ಹಿಡಿಯುವವರು ಬಂದಿದ್ದಾರೆ’ ಎಂದು ತಾಯಂದಿರು ಹೆದರಿದ್ದಾರೆ. ನಾನು ಹಳೆಯ ಕೂಲಿಕಾರರ ಬಾಯಲ್ಲಿ ಕೇಳಿರುವುದು ಬೇರೆ. ನದಿಯ ನಡುವೆ ಒಡ್ಡು ಹಾಕಿ, ನೀರು ಬಳಿದು, ಆಳದಲ್ಲಿ ಬುನಾದಿ ತೋಡುವಾಗ ಒಡ್ಡು ಒಡೆದು, ಮಣ್ಣು ಕುಸಿದು ಜನ ಸಾಯುತ್ತಿದ್ದರು. ಅವರ ಹೆಸರನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಕಲ್ಲಿನಲ್ಲಿ ಹೆಸರಿಲ್ಲದವರು ಬಲಿಯ ಕತೆಯಾಗಿ ಉಳಿದರು ಎಂಬುದು ನನ್ನ ಅನಿಸಿಕೆ. ಮಕ್ಕಳಿಗೆ ಇದನ್ನು ಹೀಗೆ ಹೇಳಿದರೆ ಹೆದರಿಕೆ ಕಡಿಮೆಯಾಗಿ ಗೌರವ ಬಂದೀತು.

ಇನ್ನು ಸೇತುವೆ ಬೀಳುವುದು ಯಾಕೆ ಎಂಬುದಕ್ಕೆ ಬರುತ್ತೇನೆ. ನಿಮ್ಮ ನಿಜವಾದ ಪ್ರಶ್ನೆ ಇದೇ.

ಕೊಂಕಣದ ಮಹಾಡ ಹತ್ತಿರ ಸಾವಿತ್ರಿ ನದಿಯ ಮೇಲೆ 1928ರ ಕಲ್ಲಿನ ಕಮಾನು ಸೇತುವೆಯೊಂದಿತ್ತು. ಆಯರ್ವಿನ್‌ಗೆ ಒಂದು ವರ್ಷಕ್ಕೆ ಹಿರಿಯದು. 2016ರ ಆಗಸ್ಟ್ 2ರ ರಾತ್ರಿ ಪ್ರವಾಹದಲ್ಲಿ ಅದು ಕೊಚ್ಚಿಹೋಯಿತು, ಎರಡು ಎಸ್‌ಟಿ ಬಸ್ಸು ಮತ್ತು ಬೇರೆ ವಾಹನವೂ ಅದರೊಂದಿಗೆ ಹೋದವು. ಅದೇ ವರ್ಷದ ಮೇ ತಿಂಗಳಲ್ಲಿ ತಪಾಸಣೆ ಮಾಡಿ ‘ಸಂಚಾರಕ್ಕೆ ಯೋಗ್ಯ’ ಎಂದು ಬರೆದಾಗಿತ್ತು. ಮೇ ತಿಂಗಳ ತಪಾಸಣೆ ಎಂದರೆ ಏನು? ನದಿ ಒಣಗಿರುತ್ತದೆ, ಕಂಬದ ಸುತ್ತ ಮರಳು ಸಮತಟ್ಟಾಗಿ ಕೂತಿರುತ್ತದೆ, ಮೇಲೆ ನಿಂತು ನೋಡಿದರೆ ಎಲ್ಲವೂ ಚಂದ. ಹೊಳೆ ತುಂಬಿ ಬಂದಾಗ ನೀರು ಕಂಬದ ಮೂತಿಗೆ ಬಡಿದು ಕೆಳಮುಖವಾಗಿ ಸುಳಿ ಸುತ್ತಿ, ಬುಡದ ಮಣ್ಣನ್ನು ಅಗೆದು ಗುಂಡಿ ಮಾಡುತ್ತದೆ. ನಾವು ಇದನ್ನು ಸ್ಕೌರ್ ಎನ್ನುತ್ತೇವೆ, ಕೂಲಿಯವರು ‘ಬುಡ ತಿಂದಿತು’ ಎನ್ನುತ್ತಾರೆ. ನೀರಿನ ವೇಗ ಎರಡು ಪಟ್ಟಾದರೆ ಕಂಬದ ಮೇಲಿನ ತಳ್ಳು ನಾಲ್ಕು ಪಟ್ಟಾಗುತ್ತದೆ. ಆದರೆ ಆ ನೀರು ಉರುಳಿಸಬಲ್ಲ ಕಲ್ಲಿನ ತೂಕ ಅರವತ್ತನಾಲ್ಕು ಪಟ್ಟಾಗುತ್ತದೆ. ನಿನ್ನೆ ಮರಳನ್ನು ಮಾತ್ರ ಎಳೆಯುತ್ತಿದ್ದ ಹೊಳೆ ಇವತ್ತು ಬುನಾದಿಗೆ ಹಾಕಿದ ರಕ್ಷಣೆಯ ಗುಂಡುಗಳನ್ನೇ ಎತ್ತಿಕೊಂಡು ಹೋಗುವುದು ಹೀಗೆ. ಇದಕ್ಕಿಂತ ಮೋಸದ ಸಂಗತಿ ಬೇರೆ ಇದೆ: ಪ್ರವಾಹ ಇಳಿಯುವಾಗ ಅದೇ ಗುಂಡಿಯಲ್ಲಿ ಸಡಿಲ ಹೂಳು ತುಂಬಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಬಂದು ನೋಡುವವನಿಗೆ ಗುಂಡಿ ಇದ್ದ ಗುರುತೇ ಸಿಗುವುದಿಲ್ಲ.

ಆದ್ದರಿಂದ ಹಳೇ ಸೇತುವೆಯ ಬಗ್ಗೆ ನಾನು ಮೊದಲು ಕೇಳುವ ಪ್ರಶ್ನೆ ವಯಸ್ಸಲ್ಲ. ಬುನಾದಿ ಬಂಡೆಯ ಮೇಲೆ ಕೂತಿದೆಯೋ, ಮಣ್ಣಿನಲ್ಲಿ ನಿಂತಿದೆಯೋ? ಕೊನೆಯ ದೊಡ್ಡ ಪ್ರವಾಹದ ನಂತರ ಯಾರಾದರೂ ಮುಳುಗಿ, ಸಲಾಕೆ ಚುಚ್ಚಿ, ಬುಡ ನೋಡಿದ್ದಾರೆಯೇ? ಸಾಂಗಲಿಯ ಪೂಲ 2005, 2019, 2021 ಮೂರು ಮಹಾಪೂರಗಳನ್ನು ತಡೆದು ನಿಂತಿದೆ. ಇದು ಬುನಾದಿಯ ಪರವಾಗಿ ಒಳ್ಳೆಯ ಸಾಕ್ಷಿ. ಆದರೆ ಮೂರು ಪ್ರವಾಹ ತಡೆದದ್ದು ನಾಲ್ಕನೆಯದಕ್ಕೆ ಜಾಮೀನಲ್ಲ, ಯಾಕೆಂದರೆ ಪ್ರತಿ ಪ್ರವಾಹವೂ ಬುಡದಲ್ಲಿ ಏನಾದರೂ ತೆಗೆದುಕೊಂಡೇ ಹೋಗುತ್ತದೆ.

ಎರಡನೆಯ ಕಾರಣ ಮೇಲಿನಿಂದ ಬರುವ ನೀರು. ಕಮಾನಿನ ಬೆನ್ನ ಮೇಲೆ, ಎರಡು ಪಕ್ಕದ ಗೋಡೆಗಳ ನಡುವೆ ಕಲ್ಲು-ಮಣ್ಣಿನ ಭರಾವು ಇರುತ್ತದೆ, ಅದರ ಮೇಲೆ ರಸ್ತೆ. ಮಳೆನೀರು ಹೊರಹೋಗಲು ಬಿಟ್ಟ ತೂತುಗಳು ಕಸ ತುಂಬಿ ಮುಚ್ಚಿದರೆ ಭರಾವು ನೀರು ಕುಡಿದು ಉಬ್ಬುತ್ತದೆ, ಪಕ್ಕದ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಸಂದಿಯ ಸುಣ್ಣ ಕರಗಿ ಕಮಾನಿನ ಕೆಳಗೆ ಬಿಳಿ ಗೆರೆಯಾಗಿ ಇಳಿಯುತ್ತದೆ. ಸಂದಿಯಲ್ಲಿ ಅರಳಿ, ಆಲ ಚಿಗುರುತ್ತದೆ. ಅರಳಿಯಾದ್ದರಿಂದ ಕೀಳಲು ಕೈ ಬರುವುದಿಲ್ಲ, ಪೂಜೆ ಮಾಡುವವರೂ ಹುಟ್ಟಿಕೊಳ್ಳುತ್ತಾರೆ. ಬೇರು ಮಾತ್ರ ತನ್ನ ಕೆಲಸ ಬಿಡುವುದಿಲ್ಲ.

ಮೂರನೆಯದು ಭಾರ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿದ್ದೇ 1934ರ ಡಿಸೆಂಬರಿನಲ್ಲಿ. ಸೇತುವೆಗೆ ಇಂತಿಷ್ಟು ಭಾರ ಹಿಡಿದು ಲೆಕ್ಕ ಹಾಕಬೇಕೆಂಬ ಅದರ ನಿಯಮಗಳು ಬಂದದ್ದು ಅದರ ನಂತರ. 1929ರ ಲೆಕ್ಕದಲ್ಲಿ ಎತ್ತಿನಗಾಡಿ, ಕೆಲವೇ ಮೋಟಾರು, ಹೆಚ್ಚೆಂದರೆ ರಸ್ತೆ ಒತ್ತುವ ಉಗಿ ರೋಲರು. ಈಗ ಕಬ್ಬಿನ ಹಂಗಾಮಿನಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು. ಐದು-ಆರು ಆಕ್ಸಲಿನ ಲಾರಿಗೆ 40 ಟನ್ನಿಗೂ ಮೇಲೆ ಕಾಯ್ದೆಯೇ ಅನುಮತಿ ಕೊಟ್ಟಿದೆ, ಹೇರುವವರು ಕಾಯ್ದೆ ನೋಡಿ ಹೇರುವುದಿಲ್ಲ. ಇನ್ನೊಂದು ಭಾರವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ: ಡಾಂಬರು. ಒಂದು ಇಂಚು ದಪ್ಪದ ಡಾಂಬರು ಚದರ ಮೀಟರಿಗೆ ಹತ್ತಿರ ಹತ್ತಿರ 55ರಿಂದ 60 ಕೆಜಿ. ಆರು ಮೀಟರ್ ಅಗಲದ ರಸ್ತೆಯಲ್ಲಿ ನೂರು ಮೀಟರಿಗೆ ಅದು ಸುಮಾರು 35 ಟನ್. ಹಳೆಯದನ್ನು ಕೆರೆದು ತೆಗೆಯದೆ ಚುನಾವಣೆಗೊಂದು ಪದರ ಹಾಕುತ್ತ ಹೋದರೆ, ಲಾರಿಗಳನ್ನು ತಡೆದೂ ಪ್ರಯೋಜನವಿಲ್ಲ. ಲಾರಿಯ ತೂಕದ ಡಾಂಬರು ರಾತ್ರಿಹಗಲೂ ಅಲ್ಲೇ ನಿಂತಿರುತ್ತದೆ. ಕಟಾಂಜನವೂ ಕ್ರಮೇಣ ಗಿಡ್ಡವಾಗುತ್ತದೆ. ಕೊಲ್ಹಾಪುರದಲ್ಲಿ ಪಂಚಗಂಗೆಯ ಶಿವಾಜಿ ಪೂಲದ ಮೇಲೆ 2018ರ ಜನವರಿ 26ರ ರಾತ್ರಿ ಮಿನಿಬಸ್ಸೊಂದು ಕಟಾಂಜನ ಒಡೆದು ನದಿಗೆ ಬಿದ್ದು 13 ಜನ ಸತ್ತರು. ಸೇತುವೆ ಬೀಳಲಿಲ್ಲ, ಜನ ಬಿದ್ದರು. ಕಿರಿದಾದ ಹಳೇ ಸೇತುವೆಯ ದಿನನಿತ್ಯದ ಅಪಾಯ ಇದೇ, ನಿಮ್ಮ ಮಗಳಿಗೂ ಕುಸಿತಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನು.

ಈಗ ಟಿವಿಯವರ ಅಡಿಗಳು. ಆಯರ್ವಿನ್ ಪೂಲ ಬರೀ ದಾರಿಯಲ್ಲ, ಸಾಂಗಲಿಯ ಅಳತೆಗೋಲೂ ಹೌದು. 40 ಅಡಿಗೆ ಇಶಾರಾ ಪಾತಳಿ, ಅಂದರೆ ಎಚ್ಚರಿಕೆಯ ಮಟ್ಟ. 45ಕ್ಕೆ ಧೋಕಾ ಪಾತಳಿ, ಅಪಾಯದ ಮಟ್ಟ. ಅಪಾಯ ಎಂದದ್ದು ಊರಿಗೆ, ಪೂಲಕ್ಕಲ್ಲ. ಈ ಅಡಿಗಳನ್ನು ಎಣಿಸುವುದು ಆ ಸ್ಥಳಕ್ಕೆ ಗೊತ್ತುಮಾಡಿದ ಒಂದು ಸೊನ್ನೆಯಿಂದ. ಹಾಗಾಗಿ 45 ಅಡಿ ಎಂದರೆ ಬೀದಿಯಲ್ಲಿ 45 ಅಡಿ ನೀರು ಎಂದಾಗಲಿ, ಪೂಲ ಮುಳುಗಿತು ಎಂದಾಗಲಿ ಅರ್ಥವಲ್ಲ. ಸೂರ್ಯವಂಶಿ ಪ್ಲಾಟ್, ಇನಾಮದಾರ ಪ್ಲಾಟ್ ಕಡೆಯ ತಗ್ಗಿಗೆ 40 ಮುಟ್ಟುವ ಮೊದಲೇ ನೀರು ಬಂದಿರುತ್ತದೆ. 2005ರಲ್ಲಿ ಮಟ್ಟ 53 ಅಡಿ ದಾಟಿತ್ತು, 2021ರಲ್ಲಿ 54 ದಾಟಿತ್ತು, 2019ರಲ್ಲಿ 57ನ್ನೂ ಮೀರಿತು. ಅಂಥ ದಿನಗಳಲ್ಲಿ ಪೂಲಕ್ಕಿಂತ ಮೊದಲು ಮುಳುಗುವುದು ಪೂಲಕ್ಕೆ ಹೋಗುವ ರಸ್ತೆಗಳು. ತಾಯಿಯವರು ಕೇಳಬೇಕಾದ ಅಂಕಿ 45 ಅಲ್ಲ, ಮಗಳ ರೂಮು ಇರುವ ಓಣಿಗೆ ಎಷ್ಟು ಅಡಿಗೆ ನೀರು ಬರುತ್ತದೆ ಎಂಬುದು. ಮನೆಯ ಮಾಲೀಕರಿಗೆ ಅದು ಬಾಯಿಪಾಠ ಇರುತ್ತದೆ.

ನೀವು ಕೇಳಿಲ್ಲ, ಆದರೂ ಗಡಿಯಲ್ಲಿರುವವರು ನೀವು, ಯಾರಾದರೂ ‘ಇದೆಲ್ಲ ನಿಮ್ಮ ಆಲಮಟ್ಟಿಯಿಂದ’ ಎಂದೇ ಅನ್ನುತ್ತಾರೆ. ಆಲಮಟ್ಟಿಯ ಈಗಿನ ಪೂರ್ಣಮಟ್ಟ 519.60 ಮೀಟರ್. ಅದನ್ನು 524.256ಕ್ಕೆ ಏರಿಸುವ ವಿಷಯದಲ್ಲಿ ಮಹಾರಾಷ್ಟ್ರದ ತಕರಾರು ಇದೆ, ಅದು ಮುಂದಿನ ಪ್ರಶ್ನೆ. 2019ರ ಪ್ರವಾಹಕ್ಕೆ ಆಲಮಟ್ಟಿಯ ಹಿನ್ನೀರು ಕಾರಣವಲ್ಲ ಎಂದು ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡನೇರೆ ಸಮಿತಿ ವರದಿ ಕೊಟ್ಟಿತು. ಸಾಂಗಲಿಯಲ್ಲಿ ನೀರು ಏರಲು ಹತ್ತಿರದ ಕಾರಣಗಳೇ ಸಾಕಷ್ಟಿವೆ: ಮೇಲೆ ಕೊಯ್ನಾ ಅಣೆಕಟ್ಟಿನಿಂದ ಬಿಡುವ ನೀರು, ಕೆಳಗೆ ವಾರಣಾ ತುಂಬಿ ಬಂದು ಕೃಷ್ಣೆಯನ್ನು ತಡೆಯುವುದು, ಇನ್ನೂ ಕೆಳಗೆ ನರಸೋಬಾವಾಡಿಯಲ್ಲಿ ಪಂಚಗಂಗೆ ಸೇರುವುದು. ಇದರ ಮೇಲೆ, ನದಿ ಹರಡಿಕೊಳ್ಳುವ ಬಯಲಿನಲ್ಲಿ ಎತ್ತರದ ಭರಾವು ಹಾಕಿ ಕಟ್ಟುವ ಹೊಸ ರಸ್ತೆಗಳು. ಹಳೇ ಪೂಲವನ್ನು ದೂರುವವರು ಹೊಸ ರಸ್ತೆಯ ಭರಾವನ್ನು ನೋಡುವುದೇ ಇಲ್ಲ. ಕಂಬಗಳು ತಡೆಯುವ ನೀರು ಸ್ವಲ್ಪ, ಭರಾವು ತಡೆಯುವುದು ಬಹಳ.

ಕೆಡವಬೇಕೋ ಉಳಿಸಬೇಕೋ? ಇಂಥ ಸೇತುವೆಗಳಿಗೆ ನನ್ನ ಮುಂದೆ ಬಂದ ದಾರಿಗಳು ಕೆಲವು, ಒಂದಕ್ಕೂ ಪುಕ್ಕಟೆಯ ಸುಖವಿಲ್ಲ.

ಭಾರೀ ವಾಹನ ನಿಲ್ಲಿಸಿ ಹಗುರ ವಾಹನಕ್ಕೆ ಬಿಡುವುದು ಅಗ್ಗದ ದಾರಿ. ಎರಡೂ ತುದಿಗೆ ಎತ್ತರ ಮಿತಿಯ ಕಬ್ಬಿಣದ ಚೌಕಟ್ಟು ನಿಲ್ಲಿಸುತ್ತಾರೆ, ವರ್ಷದೊಳಗೆ ಯಾವುದೋ ಲಾರಿ ಅದನ್ನು ಗುದ್ದಿ ಮುರಿಯುತ್ತದೆ, ಮತ್ತೆ ಹಾಕುವವರಿಲ್ಲ. ಫೈರ್ ಬ್ರಿಗೇಡಿನ ಗಾಡಿಯೂ ಸುತ್ತಿ ಬರಬೇಕಾಗುತ್ತದೆ. ಆದರೂ ಪಕ್ಕದಲ್ಲಿ ಬೇರೆ ಸೇತುವೆ ಇರುವ ಊರಿನಲ್ಲಿ ಮೊದಲು ಮಾಡಬೇಕಾದದ್ದು ಇದೇ.

ದುರಸ್ತಿ ಮಾಡಿ ಬಲಪಡಿಸುವುದು ಇನ್ನೊಂದು. ಸಂದಿಗೆ ಗ್ರೌಟು, ಅಂದರೆ ತೆಳು ಗಾರೆ, ತುಂಬುವುದು, ಕಮಾನಿನ ಬೆನ್ನಿಗೆ ಕಾಂಕ್ರೀಟಿನ ಜೀನು ಹಾಕುವುದು, ಕಂಬದ ಬುಡಕ್ಕೆ ಕಾಂಕ್ರೀಟು ತೊಡಿಸುವುದು. ಇಲ್ಲಿ ಕೆಟ್ಟ ಕೆಲಸ ಸುಮ್ಮನಿರುವುದಕ್ಕಿಂತ ಅಪಾಯ. ಸುಣ್ಣದ ಕಟ್ಟಡಕ್ಕೆ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಕಲ್ಲಿನ ಮುಖವನ್ನೇ ಚಕ್ಕೆ ಎಬ್ಬಿಸುತ್ತದೆ. ಕಂಬಕ್ಕೆ ದಪ್ಪ ಕವಚ ತೊಡಿಸಿದರೆ ನೀರಿನ ದಾರಿ ಕಿರಿದಾಗಿ, ಸುಳಿ ಪಕ್ಕದ ಕಂಬದ ಬುಡಕ್ಕೆ ಹೋಗುತ್ತದೆ. ಬಲಪಡಿಸುವುದಾದರೆ ಮೊದಲು ಬುಡದ ಅಳತೆ, ಆಮೇಲೆ ಭಾರ ಹೊರುವ ಶಕ್ತಿಯ ಲೆಕ್ಕ, ಕೊನೆಗೆ ಗಾರೆಯ ಕೆಲಸ. ಬಿಲ್ಲು ಬೇಗ ಆಗುತ್ತದೆಂದು ನಮ್ಮ ಕಡೆ ಕೊನೆಯದನ್ನು ಮೊದಲು ಮಾಡುತ್ತಾರೆ.

ನಡೆಯುವವರಿಗೆ ಮಾತ್ರ ಬಿಟ್ಟು ಪಾರಂಪರಿಕ ತಾಣ ಮಾಡಿ ಎಂಬ ಸಲಹೆ ಎಲ್ಲರಿಗೂ ಇಷ್ಟ. ನನಗೂ ಇಷ್ಟ, ಆದರೆ ಒಂದು ಷರತ್ತು. ಕಿಕ್ಕಿರಿದು ನಿಂತ ಜನರ ಭಾರವನ್ನು ನಾವು ಚದರ ಮೀಟರಿಗೆ 500 ಕೆಜಿ ಎಂದು ಹಿಡಿಯುತ್ತೇವೆ. ಸಾಲಾಗಿ ನಿಂತ ಕಾರುಗಳಿಗಿಂತ ಅದು ಹೆಚ್ಚು. ಪುಣೆ ಜಿಲ್ಲೆಯ ಕುಂಡಮಳಾದಲ್ಲಿ ಇಂದ್ರಾಯಣಿ ನದಿಯ ಹಳೇ ಕಬ್ಬಿಣದ ಸೇತುವೆ 2025ರ ಜೂನ್ 15ರಂದು ಕುಸಿದದ್ದು ಲಾರಿಯಿಂದಲ್ಲ, ಹೊಳೆ ನೋಡಲು ನೆರೆದ ಪ್ರವಾಸಿಗರಿಂದ. ನಾಲ್ವರು ತೀರಿಕೊಂಡರು. ಅಪಾಯ ಎಂಬ ಫಲಕ ಅಲ್ಲೇ ಇತ್ತು. ವಾಹನ ನಿಂತ ಸೇತುವೆಯನ್ನು ಇಲಾಖೆಯೂ ಮರೆಯುತ್ತದೆ, ನಗರಪಾಲಿಕೆಯೂ ತನ್ನದಲ್ಲ ಎನ್ನುತ್ತದೆ. ಯಾರ ಹೆಸರಿನಲ್ಲಿದೆ, ವರ್ಷಕ್ಕೆ ದುರಸ್ತಿಗೆ ಎಷ್ಟು ಹಣ ಎಂಬುದು ಬರಹದಲ್ಲಿ ಆಗದೆ ಪಾರಂಪರಿಕ ಎಂಬ ಬೋರ್ಡು ಹಾಕಬಾರದು.

ಕೆಡವುವುದು ಸುಲಭವೆಂದು ಜನ ತಿಳಿದಿದ್ದಾರೆ. ಕಮಾನುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಒಂದನ್ನು ತೆಗೆದರೆ ಪಕ್ಕದ್ದು ಆಧಾರ ತಪ್ಪಿ ತಾನೇ ಉರುಳುತ್ತದೆ, ಕೆಲಸಗಾರರ ಮೇಲೆ. ಒಡೆದ ಕಲ್ಲನ್ನು ನದಿಯಲ್ಲೇ ಬಿಟ್ಟರೆ ಮುಂದಿನ ಪ್ರವಾಹಕ್ಕೆ ಅದೇ ಅಡ್ಡಗಟ್ಟೆ. ಪಕ್ಕದಲ್ಲೇ ಹೊಸ ಸೇತುವೆ ಇದ್ದರೆ ಅದರ ಬುನಾದಿಗೂ ಜೋಪಾನ ಬೇಕು. ನೀರಿನಡಿ ನೋಡಿದ ವರದಿ ಕೈಗೆ ಬರದೆ ಆಯರ್ವಿನ್ ಪೂಲವನ್ನು ಕೆಡವಿ ಎಂದು ನಾನು ಸಹಿ ಹಾಕುವವನಲ್ಲ. ಅದೇ ವರದಿ ಇಲ್ಲದೆ ಸುರಕ್ಷಿತ ಎಂದೂ ಸಹಿ ಹಾಕುವವನಲ್ಲ.

ಮಗಳಿಗೆ ಹೇಳಬೇಕಾದದ್ದು ಇಷ್ಟು. ಬೇಸಿಗೆ, ಚಳಿಗಾಲದಲ್ಲಿ ಸ್ಕೂಟಿಯಲ್ಲಿ ದಾಟಲು ಹೆದರಬೇಕಿಲ್ಲ, ಹೆಲ್ಮೆಟ್ ಇರಲಿ, ಕಟಾಂಜನದ ಪಕ್ಕಕ್ಕೆ ಸರಿದು ಓವರ್‌ಟೇಕ್ ಮಾಡುವುದು ಬೇಡ. ಹೊಳೆ ಎಚ್ಚರಿಕೆಯ ಮಟ್ಟಕ್ಕೆ ಬಂದ ದಿನದಿಂದ, ಇಳಿದು ಕೆಲವು ದಿನ ಆಗುವವರೆಗೆ ಬೇರೆ ದಾರಿ ಹಿಡಿಯಲಿ, ಅಥವಾ ರಜೆ ಹಾಕಲಿ. ಪ್ರವಾಹ ಇಳಿಯುವ ದಿನಗಳೂ ಒಳ್ಳೆಯವಲ್ಲ: ಬುಡ ತಿಂದಾಗಿರುತ್ತದೆ, ಹೂಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ನೀರು ನೋಡಲು, ಫೋಟೋ ತೆಗೆಯಲು ಪೂಲದ ಮೇಲೆ ಜನ ಸೇರಿದ್ದರೆ ಅಲ್ಲಿ ನಿಲ್ಲಬಾರದು.

ಮಕ್ಕಳ ಇತಿಹಾಸಕ್ಕೆ ಎರಡು ಕಡೆ ಹುಡುಕಿ. ಆಗಿನ ಸಂಸ್ಥಾನಗಳು ವರ್ಷಕ್ಕೊಮ್ಮೆ ಆಡಳಿತ ವರದಿ ಅಚ್ಚು ಹಾಕಿಸುತ್ತಿದ್ದವು. ಖರ್ಚು, ಕಾಮಗಾರಿ ಎಲ್ಲ ಅದರಲ್ಲಿ ಬರುತ್ತದೆ. ಸಾಂಗಲಿಯ ಹಳೇ ಗ್ರಂಥಾಲಯಗಳಲ್ಲಿ 1926ರಿಂದ 1930ರವರೆಗಿನದನ್ನು ಕೇಳಿ. ಉದ್ಘಾಟನೆಯ ಕಲ್ಲನ್ನು ಮಕ್ಕಳೇ ಓದಿ ಬರೆದುಕೊಳ್ಳಲಿ. ಇನ್ನೊಂದು, ಮಾಹಿತಿ ಹಕ್ಕಿನ ಅರ್ಜಿ. ಸಾಂಗಲಿಯ ಸಾರ್ವಜನಿಕ ಬಾಂಧಕಾಮ ವಿಭಾಗಕ್ಕೆ, ಅಂದರೆ ಲೋಕೋಪಯೋಗಿ ಇಲಾಖೆಗೆ, ಮರಾಠಿಯಲ್ಲೇ ಬರೆಯಿರಿ, ಉತ್ತರ ಬೇಗ ಬರುತ್ತದೆ. ‘ಪೂಲ ಸುರಕ್ಷಿತವೇ?’ ಎಂದು ಕೇಳಬೇಡಿ, ‘ಹೌದು’ ಎಂಬ ಒಂದೇ ಪದ ಬರುತ್ತದೆ. ಕೊನೆಯ ಸ್ಟ್ರಕ್ಚರಲ್ ಆಡಿಟ್‌ನ (ಸೇತುವೆಯ ಗಟ್ಟಿತನದ ತಪಾಸಣೆಯ) ಪ್ರತಿ, 2021ರ ಪ್ರವಾಹದ ನಂತರ ನೀರಿನಡಿ ಬುನಾದಿ ತಪಾಸಣೆ ಮಾಡಿದ ದಿನಾಂಕ, ಬುನಾದಿಯ ಮೂಲ ನಕಾಶೆ, ಈಗ ಮೇಲಿರುವ ಡಾಂಬರಿನ ಒಟ್ಟು ದಪ್ಪ: ಈ ನಾಲ್ಕರ ಪ್ರತಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ಉತ್ತರ ಬಂದ ಮೇಲೆ ಒಂದು ಪ್ರತಿ ನನಗೂ ಕಳಿಸಿ, ಅದರಲ್ಲಿ ಏನಿದೆ, ಏನನ್ನು ಬಿಟ್ಟಿದ್ದಾರೆ ಎಂದು ಓದಿ ಹೇಳುತ್ತೇನೆ.